ತಲೆಕೆಳಗಾಗಿ ಹೂಳಿದ ಹನ್ನೆರಡು ಕಡ್ಡಿಗಳು

ಬೇರಿನ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ ಎಂದು ಹೇಳಿದರೆ ಸಾಕು, ಇಂಗ್ಲೆಂಡಿನ ಕನ್ನಡಿಗರಿಂದ ಒಂದೇ ಜೋಕು ಬರುತ್ತಿತ್ತು. ನಾವೆಲ್ಲ ಬೇರು ಬಿಟ್ಟು ಬಂದವರು, ನಮ್ಮ ಮೇಲೇ ಸಂಶೋಧನೆ ಮಾಡಿಬಿಡಿ ಎನ್ನುತ್ತಿದ್ದರು. ಬರ್ಮಿಂಗ್‌ಹ್ಯಾಮ್ ಹತ್ತಿರದ ಟಿವಿಡೇಲಿನ ಬಾಲಾಜಿ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು ಇದನ್ನು ಎಷ್ಟು ಸಲ ಕೇಳಿದ್ದೇನೋ. ಮೊದಲ ವರ್ಷ ನಕ್ಕೆ. ಎರಡನೇ ವರ್ಷ ಹಲ್ಲು ಕಡಿದುಕೊಂಡೆ. ನಾನು ಅಳೆಯುತ್ತಿದ್ದದ್ದು ಯಾರ ಊರಿನ ನೆನಪನ್ನೂ ಅಲ್ಲ, ದ್ರಾಕ್ಷಿ ಕಡ್ಡಿಯ ಬುಡದಲ್ಲಿ ಏರಿಳಿಯುವ ಒಂದು ಕಿಣ್ವವನ್ನು. ಆದರೆ ಅದನ್ನು ಕೇಳುವ ತಾಳ್ಮೆ ಯಾರಿಗಿತ್ತು? ಸಾಲು ಮುಂದೆ ಸರಿಯುತ್ತಿತ್ತು.

ಆ ಜೋಕು ಮಾಡದವರು ಒಬ್ಬರೇ. ಸಟನ್ ಕೋಲ್ಡ್‌ಫೀಲ್ಡಿನಲ್ಲಿ ಬಹಳ ವರ್ಷ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು, ಆಗಿದ್ದು ನಿವೃತ್ತರಾದ, ಮೈಸೂರು ಕಡೆಯ ಹೆಂಗಸು. ನಾನು ವಿಷಯ ಹೇಳಿದ ತಕ್ಷಣ ಅವರು, ಯಾವ ಕಿಣ್ವ ಎಂದು ಕೇಳಿದರು. ಅಷ್ಟಕ್ಕೇ ನಾನು ಅವರಿಗೆ ಸೋತೆ. ಅವರನ್ನು ಡಾಕ್ಟರ್ ಆಂಟಿ ಎಂದು ಕರೆಯತೊಡಗಿದೆ. ಜೊತೆಯಲ್ಲಿ ಅವರ ಗಂಡ ಇದ್ದರು, ಕೈಯಲ್ಲಿ ಒಂದು ಬುಟ್ಟಿ ಕಪ್ಪು ದ್ರಾಕ್ಷಿ. ಅವರ ಹಿತ್ತಿಲಿನ ಗಾಜಿನಮನೆಯಲ್ಲಿ ಬೆಳೆದದ್ದು. ಪ್ರತಿ ಸೆಪ್ಟೆಂಬರಿನಲ್ಲಿ ಮೊದಲ ಗೊಂಚಲು ದೇವರಿಗೆ ತರುವುದು ಅವರ ಪದ್ಧತಿಯಂತೆ. ಒಂದು ಹಣ್ಣು ಬಾಯಿಗೆ ಹಾಕಿಕೊಂಡ ನಾನು ಮುಖ ಹುಳ್ಳಗೆ ಮಾಡಿ, ನಮ್ಮ ವಿಜಯಪುರದ ಕಡೆ ಇದನ್ನು ದ್ರಾಕ್ಷಿ ಎನ್ನುವುದಿಲ್ಲ ಎಂದುಬಿಟ್ಟೆ. ನನ್ನ ನಾಲಿಗೆ ಹಾಗೇ. ಅಂಕಲ್ ಬುಟ್ಟಿ ಅಲುಗುವಷ್ಟು ನಕ್ಕರು. ಆಂಟಿ, ಇಪ್ಪತ್ತೆಂಟು ವರ್ಷದಿಂದ ನಾನು ಹೇಳುತ್ತಿದ್ದದ್ದನ್ನು ಕೊನೆಗೂ ಒಬ್ಬಳು ಹೇಳಿದಳು ಎಂದರು.

ಆ ಬಳ್ಳಿಯನ್ನು ಆಂಟಿ 'ನನ್ನ ಸವತಿ' ಎಂದು ಕರೆಯುತ್ತಿದ್ದರು. ಮದುವೆಯಾಗಿ ಈ ದೇಶಕ್ಕೆ ಬಂದು, ಮಕ್ಕಳಾಗದೆ, ಇಬ್ಬರೇ ಇದ್ದ ಮನೆ. ಗಂಡ ಕಾರ್ಖಾನೆಯಲ್ಲಿ ಎಂಜಿನಿಯರ್. ಸಂಜೆ ಬಂದವರು ಕೋಟು ತೆಗೆಯುವ ಮೊದಲೇ ಗಾಜಿನಮನೆಗೆ ಹೋಗಿ ಬಳ್ಳಿಯ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರಂತೆ. ಆಂಟಿಯ ಹತ್ತಿರ ಕೌನ್ಸಿಲ್ ಟ್ಯಾಕ್ಸಿನ ವಿಷಯ, ಬಳ್ಳಿಯ ಹತ್ತಿರ ಮನಸ್ಸಿನ ವಿಷಯ. ಇದನ್ನು ಆಂಟಿ ಅವರ ಎದುರಿಗೇ ಹೇಳಿ ಛೇಡಿಸುತ್ತಿದ್ದರು. ಅವರೂ ಇಲ್ಲ ಎನ್ನುತ್ತಿರಲಿಲ್ಲ.

ನಾನು ಬೀಸ್ಟನ್ನಿನಲ್ಲಿ ಒಂದು ರೂಮು ಹಿಡಿದಿದ್ದೆ. ಹತ್ತಿರದ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೆಲಸ. ಕೆಲಸವೇನೆಂದು ಇಲ್ಲಿ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದೆ ನಾನು ಮಾಡಿದ್ದೇನು ಎಂದು ತಿಳಿಯುವುದಿಲ್ಲ. ಬಳ್ಳಿಯಿಂದ ಕತ್ತರಿಸಿದ ಕಡ್ಡಿಗೆ ಬೇರು ಎಂಬುದು ಇರುವುದೇ ಇಲ್ಲ. ಇಲ್ಲದ್ದನ್ನು ಅದು ಮಾಡಿಕೊಳ್ಳಬೇಕು. ಮೇಲಿನ ಮೊಗ್ಗು, ನಮ್ಮ ಕಡೆ ಅದನ್ನು ಕಣ್ಣು ಎನ್ನುತ್ತೇವೆ, ಆಕ್ಸಿನ್ ಎಂಬ ಹಾರ್ಮೋನನ್ನು ಬುಡದ ಕಡೆಗೆ ಕಳಿಸುತ್ತದೆ. ಅದನ್ನು ಮುರಿದುಹಾಕುವ ಪೆರಾಕ್ಸಿಡೇಸ್ ಎಂಬ ಕಿಣ್ವ ಅಲ್ಲಿಯೇ ಕಾದು ಕುಳಿತಿರುತ್ತದೆ. ಮೊದಲ ಕೆಲವು ದಿನ ಈ ಕಿಣ್ವ ತಗ್ಗುತ್ತದೆ. ಆಕ್ಸಿನ್ ಕೂಡಿಕೊಳ್ಳುತ್ತದೆ. ಕೊಯ್ದ ಬಾಯಿಯ ಹತ್ತಿರದ ಕೆಲವು ಕೋಶಗಳು ತಾವು ಇನ್ನು ಕಾಂಡವಲ್ಲ, ಬೇರು ಎಂದು ತೀರ್ಮಾನಿಸುತ್ತವೆ. ಆಮೇಲೆ ಕಿಣ್ವ ಮತ್ತೆ ಏರುತ್ತದೆ. ಹೊರಗಿನಿಂದ ನೋಡಿದರೆ ಕಡ್ಡಿ ಕಡ್ಡಿಯಾಗಿಯೇ ಇರುತ್ತದೆ. ಬೇರು ಕಣ್ಣಿಗೆ ಕಾಣುವ ಹೊತ್ತಿಗೆ ತೀರ್ಮಾನ ಹಳೆಯದಾಗಿರುತ್ತದೆ.

ಈ ಏರಿಳಿತವನ್ನು ಅಳೆಯಲು ಕಡ್ಡಿಯ ಬುಡವನ್ನು ಕತ್ತರಿಸಿ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಪಿಂಗಾಣಿ ಒರಳಿನಲ್ಲಿ ಅರೆಯಬೇಕು. ಆ ರಸಕ್ಕೆ ಹೊಗೆಯ ವಾಸನೆಯ ಒಂದು ದ್ರಾವಣವನ್ನೂ ಒಂದಿಷ್ಟು ಪೆರಾಕ್ಸೈಡನ್ನೂ ಹಾಕಿದರೆ ಬಣ್ಣ ಕಾವಿಗೆ ತಿರುಗುತ್ತದೆ. ಎಷ್ಟು ಬೇಗ ತಿರುಗಿತೋ ಅಷ್ಟು ಕಿಣ್ವ. ಅಂದರೆ ಕಡ್ಡಿ ಬೇರು ಬಿಡಲು ಮನಸ್ಸು ಮಾಡಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಅದನ್ನು ಕೊಂದೇ ತಿಳಿಯಬೇಕು. ಎರಡೂವರೆ ವರ್ಷದಲ್ಲಿ ಸಾವಿರಾರು ಕಡ್ಡಿ ಅರೆದೆ. ಒಂದನ್ನೂ ನೆಟ್ಟಿರಲಿಲ್ಲ.

ನೆಡುವುದು ಗೊತ್ತಿದ್ದದ್ದು ಅವ್ವನಿಗೆ. ಊರಿನ ಹತ್ತಿರದ ಒಂದು ದ್ರಾಕ್ಷಿ ನರ್ಸರಿಯಲ್ಲಿ ಕಡ್ಡಿ ಕಟ್ಟುವ ಹೆಂಗಸರಿಗೆಲ್ಲ ಅವಳೇ ಹಿರಿಯಳು. ನನ್ನ ಸಂಶೋಧನೆಯನ್ನು ಅವಳಿಗೆ ಫೋನಿನಲ್ಲಿ ವಿವರಿಸಿದಾಗ, ಕಿಣ್ವ ತಗ್ಗುವ ಆ ಮೊದಲ ದಿನಗಳ ಬಗ್ಗೆ ಅವಳು ಹೇಳಿದ್ದು ಇಷ್ಟೇ: "ಕಡ್ಡಿ ಆವಾಗ ವಿಚಾರ ಮಾಡತಿರತೈತಿ. ಮುಟ್ಟಬಾರದು." ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯ ಈ ಮಾತಿನಲ್ಲಿ ಮುಗಿದಿತ್ತು. ನನಗೆ ಆಗ ಸಿಟ್ಟು ಬಂದಿತ್ತು.

ಅಂಕಲ್ ಒಂದು ಚಳಿಗಾಲದಲ್ಲಿ ತೀರಿಕೊಂಡರು. ಹೃದಯಾಘಾತ. ಆಂಟಿ ಪಕ್ಕದಲ್ಲೇ ಇದ್ದರೂ ಏನೂ ಮಾಡಲಾಗಲಿಲ್ಲ. ಅಳುತ್ತಿದ್ದ ಜನರ ನಡುವೆ ಅವರೊಬ್ಬರೇ ಅಳದೆ ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದರು. ಅವರ ರೋಗಿಗಳಾಗಿದ್ದ ನಾಲ್ಕೈದು ಕನ್ನಡದ ಹೆಂಗಸರು, ಡಾಕ್ಟರ್ ಕೈಗುಣ ಅಂಥಾದ್ದು, ತಮ್ಮ ಮನೆಯವರಿಗೇ ಒದಗಲಿಲ್ಲ ಎಂದು ಮೆಲ್ಲಗೆ ಆಡಿಕೊಂಡರು. ಅದು ಆಂಟಿಯ ಕಿವಿಗೂ ಬಿತ್ತು. ಕಾಫಿ ಲೋಟ ತೊಳೆಯುತ್ತಾ ನನ್ನ ಹತ್ತಿರ, ನನ್ನ ಕೈಗುಣ ಬರೀ ನೆಗಡಿ ಕೆಮ್ಮಿಗೆ ಕಣಮ್ಮ, ಬದುಕಿಸುವ ಕೈ ಅವರದು, ಒಣಗಿದ್ದನ್ನೂ ಚಿಗುರಿಸುತ್ತಿದ್ದರು ಎಂದರು.

ಅದರ ಮುಂದಿನ ಜನವರಿಯಲ್ಲಿ ಅವರ ಫೋನ್ ಬಂತು. ಮನೆ ಮಾರುತ್ತಿದ್ದಾರೆ. ಮೆಟ್ಟಿಲು ಹತ್ತಲು ಆಗುತ್ತಿಲ್ಲ, ಅದೇ ಊರಿನಲ್ಲಿ ಒಂದು ಚಿಕ್ಕ ಫ್ಲ್ಯಾಟು ನೋಡಿದ್ದಾರೆ, ಅದಕ್ಕೊಂದು ಬಾಲ್ಕನಿ ಇದೆ. ಕೊಳ್ಳುವವರಿಗೆ ಪುಟ್ಟ ಮಕ್ಕಳು. ಗಾಜು ಒಡೆದ ಹಳೆಯ ಗಾಜಿನಮನೆ ಅಪಾಯವೆಂದೂ, ಅದನ್ನು ತೆಗೆಸಿ ನೆಲ ಸಮ ಮಾಡಿಸಿದರೇ ಕಾಗದಕ್ಕೆ ಸಹಿ ಎಂದೂ ಹೇಳಿದ್ದಾರೆ. ಬಳ್ಳಿಯ ಬೇರು ಗಾಜಿನಮನೆಯ ಒಳಗೇ ಇತ್ತು. ಅದೂ ಹೋಗುತ್ತದೆ.

"ಸವತೀನ ಹಿಂದೆ ಬಿಟ್ಟು ಹೋದ್ರೆ ನಮ್ಮನೆಯವರು ನನ್ನ ಸುಮ್ನೆ ಬಿಡಲ್ಲ," ಎಂದರು ಆಂಟಿ. ನಗಲು ನೋಡಿದರು, ಆಗಲಿಲ್ಲ. "ಒಂದೇ ಒಂದು ಬದುಕಿಸಿಕೊಡಮ್ಮ. ಕುಂಡದಲ್ಲಿ ಇಟ್ಕೋತೀನಿ. ಒಂದು ಸಾಕು."

ಒಂದೇನು, ಹನ್ನೆರಡು ಮಾಡಿಕೊಡುತ್ತೇನೆ ಎಂದೆ. ಜಂಬ. ಇದೇ ನನ್ನ ವಿಷಯವಲ್ಲವೇ?

ಫೆಬ್ರವರಿಯ ಒಂದು ಶನಿವಾರ ರೈಲು ಹಿಡಿದು, ಬರ್ಮಿಂಗ್‌ಹ್ಯಾಮಿನಲ್ಲಿ ಬದಲಿಸಿ ಸಟನ್ನಿಗೆ ಹೋದೆ. ಬಳ್ಳಿ ಎಲೆಯಿಲ್ಲದೆ ಮಲಗಿತ್ತು. ಕಡ್ಡಿ ತೆಗೆಯಲು ಸರಿಯಾದ ಕಾಲ. ಹಿಂದಿನ ವರ್ಷದ ಚೆನ್ನಾಗಿ ಬಲಿತ ಟಿಸಿಲುಗಳಿಂದ ಮೂರು ಮೂರು ಕಣ್ಣಿನ ಹದಿನೆಂಟು ಕಡ್ಡಿ ಕತ್ತರಿಸಿದೆ. ಆರನ್ನು ಒದ್ದೆ ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ಇಲ್ಲಿ ಏನಾದರೂ ಎಡವಟ್ಟಾದರೆ ಪ್ರಯೋಗಾಲಯದಲ್ಲಿ ಇವು ಇರುತ್ತವೆ ಎಂದೆ. ಉಳಿದ ಹನ್ನೆರಡಕ್ಕೆ ಏನು ಮಾಡುವುದೆಂದು ಅವ್ವನಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟೆ. ನಾಚಿಕೆಯಾಯಿತು, ಆದರೆ ಹಚ್ಚಿದೆ.

"ತಲಿ ಕೆಳಗ ಮಾಡಿ ಹೂಳ್ರಿ," ಎಂದಳು ಅವ್ವ. "ಬುಡ ಮ್ಯಾಲ. ಮ್ಯಾಲ ನಾಕು ಬಟ್ಟು ಹಸಿ ಉಸುಕು. ಇಪ್ಪತ್ತೊಂದನೇ ದಿನಕ್ಕ ಹೊಳ್ಳಿಸಿ ನೆಡೂದು. ಹೊಳ್ಳಸೂದು ಮಾತ್ರ ಮರೀಬ್ಯಾಡ."

ಆಂಟಿ ಗಾಬರಿಯಾಗಿ ನನ್ನನ್ನು ನೋಡಿದರು. ಜೀವ ಇರುವುದನ್ನು ತಲೆಕೆಳಗು ಮಾಡಿ ಹೂಳುವುದೇ? ನಾನು ವಿವರಿಸಿದೆ. ಬುಡಕ್ಕೆ ಬೆಚ್ಚಗಿರಬೇಕು, ಕಣ್ಣಿಗೆ ತಣ್ಣಗಿರಬೇಕು. ಕಣ್ಣು ಮೊದಲು ಎಚ್ಚರವಾಗಿ ಚಿಗುರಿದರೆ ಬೇರಿಲ್ಲದ ಕಡ್ಡಿ ಸೊರಗಿ ಸಾಯುತ್ತದೆ. ಬಿಸಿಲು ತಾಗುವ ಮೇಲಿನ ಮರಳು ಬೆಚ್ಚಗೆ, ಕೆಳಗಿನದು ತಣ್ಣಗೆ. ಅದಕ್ಕೇ ತಿರುವಿ ಹೂಳುವುದು. ಹೇಗೆ ಹೂಳಿದರೂ ಕಡ್ಡಿಗೆ ತನ್ನ ಬುಡ ಯಾವುದೆಂದು ಗೊತ್ತಿರುತ್ತದೆ, ಆಕ್ಸಿನ್ ಮೇಲ್ಮುಖವಾಗಿಯಾದರೂ ಅಲ್ಲಿಗೇ ಹೋಗುತ್ತದೆ ಎಂದೆ. ಅದು ಅವರಿಗೆ ಹಿಡಿಸಿತು. ಎರಡು ಸಲ ಹೇಳಿಸಿಕೊಂಡರು.

ಗಾಜಿನಮನೆ ಹೋಗುವುದರಿಂದ ಒಳಗೆ ತಂದಿಡಬಹುದಾದ ಪೆಟ್ಟಿಗೆ ಬೇಕಿತ್ತು. ಅಂಕಲ್‌ರ ಬರೆಯುವ ಮೇಜನ್ನು ಯಾರಿಗೋ ಕೊಡುವುದೆಂದು ಇಟ್ಟಿದ್ದರು. ಅದರ ಕೆಳಗಿನ ಆಳವಾದ ಡ್ರಾಯರನ್ನು ಆಂಟಿ ಎಳೆದು ತಂದರು. ಮರಳು ತುಂಬಿದೆವು. ಹೂಳಿದ್ದು ನಾನಲ್ಲ, ಅವರೇ. ನೀನು ಹೇಳು, ನಾನು ಮಾಡುತ್ತೇನೆ ಎಂದು ಹಟ ಹಿಡಿದರು. ಒಂದೊಂದನ್ನೂ ಎರಡು ಬೆರಳಲ್ಲಿ ಹಿಡಿದು, ಸೂಜಿ ಚುಚ್ಚುವಷ್ಟು ಎಚ್ಚರದಿಂದ ಇಳಿಸಿದರು. ಡ್ರಾಯರನ್ನು ಮುಂಬಾಗಿಲಿನ ಗಾಜಿನ ಪೋರ್ಚಿನಲ್ಲಿ ಇಟ್ಟೆವು. ಮೂರು ವಾರಕ್ಕೆ ಬಂದು, ಅವ್ವ ಹೇಳಿದಂತೆ ಹೊಳ್ಳಿಸಿ, ಬುಡ ಕೆಳಗೆ ಮಾಡಿ ಕುಂಡಕ್ಕೆ ನೆಟ್ಟುಕೊಡುತ್ತೇನೆ ಎಂದು ಹೇಳಿ ಹೊರಟೆ. ಮಾರ್ಚ್ ಶುರುವಿನಲ್ಲಿ ಇಬ್ಬರು ಕೆಲಸದವರು ಬಂದು ಗಾಜಿನಮನೆ ಕಳಚಿ, ಬಳ್ಳಿಯನ್ನು ಬುಡಸಮೇತ ಕಿತ್ತು ಸ್ಕಿಪ್ಪಿಗೆ, ಕಸದ ಆ ದೊಡ್ಡ ಕಬ್ಬಿಣದ ತೊಟ್ಟಿಗೆ, ಹಾಕಿದರು. ಅವತ್ತು ಆಂಟಿ ಅಡುಗೆಮನೆಯ ಪರದೆ ಎಳೆದುಕೊಂಡು ಕೂತಿದ್ದರಂತೆ.

ಬೀಸ್ಟನ್ನಿನಲ್ಲಿ ನನ್ನದೇ ಗೋಳು. ನನ್ನ ಮುಖ್ಯ ಪ್ರಯೋಗ ಶುರುವಾಗಬೇಕಿತ್ತು. ದಿನ ಬಿಟ್ಟು ದಿನ ಕಡ್ಡಿ ತೆಗೆದು ಅರೆಯುವ ಕೆಲಸ. ಬಣ್ಣ ಅಳೆಯುವ ಯಂತ್ರಕ್ಕೆ ಸರದಿ ಪಟ್ಟಿ, ಫ್ರೀಜರಿಗೆ ಸರದಿ ಪಟ್ಟಿ. ನನ್ನ ಸರದಿ ತಪ್ಪಿದರೆ ಇಡೀ ತಿಂಗಳು ಹೋಯಿತು. ಅದಕ್ಕೂ ಮೊದಲು ಹೊಸ ದ್ರಾವಣ ಸರಿಯಾಗಿ ಕೆಲಸ ಮಾಡುತ್ತದೋ ಎಂದು ನೋಡಲು ಏನನ್ನಾದರೂ ಅರೆಯಬೇಕಿತ್ತು. ನನ್ನ ಎಣಿಸಿಟ್ಟ ಕಡ್ಡಿಗಳನ್ನು ಮುಟ್ಟುವಂತಿರಲಿಲ್ಲ. ಮೂಲೆಯ ಟ್ರೇಯಲ್ಲಿ ಆಂಟಿಯ ಆರು ಕಡ್ಡಿ ಇದ್ದವು. ಹೇಗೂ ಡ್ರಾಯರಿನಲ್ಲಿ ಹನ್ನೆರಡು ಇವೆಯಲ್ಲ ಎಂದುಕೊಂಡೆ. ಆರೂ ಅರೆದೆ. ಬಣ್ಣ ಚೆನ್ನಾಗಿ ಬಂತು. ಕಿಣ್ವ ಆಗಲೇ ತಗ್ಗಿತ್ತು, ಅವ್ವನ ಮಾತಿನಲ್ಲಿ ಹೇಳುವುದಾದರೆ ಅವು ವಿಚಾರ ಮಾಡುತ್ತಿದ್ದವು. ಅಭ್ಯಾಸದ ಲೆಕ್ಕವಾದ್ದರಿಂದ ಆ ಅಂಕಿಗಳನ್ನು ನನ್ನ ಪ್ರಬಂಧದಲ್ಲಿ ಎಲ್ಲೂ ಸೇರಿಸಿಲ್ಲ.

ಇಪ್ಪತ್ತನೇ ದಿನ ಆಂಟಿಯ ಫೋನ್ ಬಂತು. ನಾನು ಎರಡೂ ಕೈಗೆ ಗ್ಲೌಸ್ ಹಾಕಿಕೊಂಡು ಒರಳ ಮುಂದೆ ನಿಂತಿದ್ದೆ. ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡೆ. ಕುತೂಹಲ ತಡೆಯಲಾರದೆ ಮೇಲಿನ ಮರಳು ಸರಿಸಿ ನೋಡಿದರಂತೆ. ಕಡ್ಡಿಯ ತುದಿಗೆಲ್ಲ ಬೆಳ್ಳಗೆ ಅನ್ನದ ಅಗುಳಿನ ಹಾಗೆ ಏನೋ ಅಂಟಿಕೊಂಡಿದೆಯಂತೆ. ಬೂಷ್ಟು ಹಿಡಿಯಿತೇ ಎಂದು ಅವರಿಗೆ ಭಯ.

ಬೂಷ್ಟಲ್ಲ, ಗಾಯ ಮಾಯುವ ಲಕ್ಷಣ, ಅದರೊಳಗಿಂದಲೇ ಬೇರು ಬರುತ್ತದೆ ಎಂದೆ. ಹಾಗಾದರೆ ಈಗ ಏನು ಮಾಡಲಿ ಎಂದರು. ನಾಳೆಗೆ ಇಪ್ಪತ್ತೊಂದು. ನನಗೆ ಗೊತ್ತಿತ್ತು. ಒರಳಿನಲ್ಲಿ ಸಾರಜನಕ ಬುಸುಗುಡುತ್ತಾ ಆರುತ್ತಿತ್ತು, ಪುಡಿ ಕರಗಿದರೆ ಮಾದರಿ ಕೆಟ್ಟುಹೋಗುತ್ತದೆ.

"ಇರ್ಲಿ ಬಿಡಿ ಆಂಟಿ," ಎಂದೆ. "ನಾನು ಬರ್ತೀನಲ್ಲ."

ಇರಲಿ ಬಿಡಿ. ನಾವು ದಿನಕ್ಕೆ ಎಷ್ಟು ಸಲ ಇದನ್ನು ಹೇಳುತ್ತೇವೆ. ಯಾರಾದರೂ ಉಪಚಾರ ಮಾಡಲು ಬಂದರೆ, ಕ್ಷಮೆ ಕೇಳಿದರೆ, ಮಾತು ಬೆಳೆದರೆ, ಫೋನ್ ಇಡಬೇಕಾದರೆ. ಅದಕ್ಕೆ ಅರ್ಥವೇ ಇಲ್ಲ. ನನ್ನ ಅರ್ಥದಲ್ಲಿ ಅದು, ಈಗ ನನ್ನನ್ನು ಬಿಡಿ ಎಂದು. ಆಂಟಿ ನಲವತ್ತು ವರ್ಷ ರೋಗಿಗಳಿಗೆ ಔಷಧ ಬರೆದುಕೊಟ್ಟವರು. ಹೇಳಿದ ಮಾತು ಹೇಳಿದಂತೆ ನಡೆಯಬೇಕು ಎಂದು ನಂಬಿದವರು. ಅವರು ಅದನ್ನು ಸೂಚನೆ ಎಂದು ತೆಗೆದುಕೊಂಡರು.

ಆ ವಾರ ಹೋಗಲಾಗಲಿಲ್ಲ. ಮುಂದಿನ ವಾರ ಯಂತ್ರ ಕೆಟ್ಟಿತು. ಅದರ ಮುಂದಿನ ವಾರ ನನ್ನ ಗೈಡ್ ಸಮ್ಮೇಳನಕ್ಕೆ ಒಂದು ಪೋಸ್ಟರ್ ಬೇಕೆಂದರು. ಅವ್ವ ಪ್ರತಿ ಭಾನುವಾರ, ಹೊಳ್ಳಿಸಿದೆಯಾ ಎಂದು ಕೇಳುತ್ತಿದ್ದಳು. ಹ್ಞೂಂ ಎನ್ನುತ್ತಿದ್ದೆ. ನಾಲ್ಕು ದಿನ ತಡವಾದರೆ ಏನೂ ಆಗುವುದಿಲ್ಲ, ಮರಳಿನ ಒಳಗೆ ತೇವ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸರಿಸಿದ ಮರಳನ್ನು ಮತ್ತೆ ಮುಚ್ಚಿ ಎಂದು ಹೇಳಿರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಹೋದದ್ದು ಏಪ್ರಿಲಿನಲ್ಲಿ, ಒಂದು ಭಾನುವಾರ. ಹೂಳಿ ಏಳು ವಾರ ಕಳೆದಿತ್ತು. ಬೆಳಗ್ಗೆಯೇ ಬಿಸಿಲು. ಸ್ಟೇಷನ್ನಿನಿಂದ ನಡೆದುಹೋಗುವಾಗ ಜನರೆಲ್ಲ ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡಿದ್ದರು. ಈ ದೇಶದಲ್ಲಿ ಅಂಥ ಬಿಸಿಲಿಗೆ ಎಲ್ಲರೂ ಖುಷಿಪಡುತ್ತಾರೆ. ನಾನೂ ಖುಷಿಯಾಗಿಯೇ ನಡೆದೆ, ಕೈಯಲ್ಲಿ ಹನ್ನೆರಡು ಪ್ಲಾಸ್ಟಿಕ್ ಕುಂಡಗಳ ಚೀಲ.

ಬಾಗಿಲು ತೆಗೆಯುವ ಮೊದಲೇ ಪೋರ್ಚಿನ ಗಾಜಿನಿಂದ ಡ್ರಾಯರ್ ಕಂಡಿತು. ಹನ್ನೆರಡು ತುದಿಗಳು ಮರಳಿನಿಂದ ಮೇಲೆ ಎದ್ದು ನಿಂತಿದ್ದವು. ಪ್ರತಿ ತುದಿಯ ಸುತ್ತ ಬೇರು. ಎರಡು ಮೂರು ಇಂಚು ಉದ್ದ, ಗಾಳಿಯಲ್ಲಿ, ಸುತ್ತಲೂ ಕೈಚಾಚಿ, ಒಣಗಿಸಿಟ್ಟ ಶಾವಿಗೆಯಂತೆ ಗರಿಗರಿಯಾಗಿ. ಮಾರ್ಚಿನ ಮೋಡ ಮುಚ್ಚಿದ ದಿನಗಳಲ್ಲಿ ಆ ಪೋರ್ಚಿನ ತೇವದಲ್ಲಿ ಬೆಳೆದಿದ್ದವು. ಏಪ್ರಿಲಿನ ಮೊದಲ ಬಿಸಿಲಿಗೆ ಸತ್ತಿದ್ದವು. ಒಂದನ್ನು ಎಳೆದು ತೆಗೆದೆ. ಕೆಳಗೆ ಕಣ್ಣುಗಳು ಉಬ್ಬಿ, ಚಿಗುರಲು ಹೋಗಿ, ಒದ್ದೆ ಮರಳಿನಲ್ಲಿ ಕಪ್ಪಗೆ ಕೊಳೆತಿದ್ದವು. ಇನ್ನೊಂದನ್ನು ತೆಗೆದೆ. ಹನ್ನೆರಡೂ ಹಾಗೇ.

ಆಂಟಿ ಹಿಂದೆ ಬಂದು ನಿಂತಿದ್ದರು. "ದಿನಾ ನೀರು ಹಾಕ್ತಿದ್ದೆ," ಎಂದರು. "ಮುಟ್ಟಲಿಲ್ಲ. ಹಾಗೇ ಬಿಟ್ಟಿದ್ದೆ."

ಕೈ ತೊಳೆಯಲೆಂದು ಅಡುಗೆಮನೆಗೆ ಹೋದೆ. ಗೋಡೆಯ ಮೇಲೆ ಗಿಡಗಳ ಚಿತ್ರವಿದ್ದ ಕ್ಯಾಲೆಂಡರ್. ಮಾರ್ಚ್, ಏಪ್ರಿಲ್ ಎರಡೂ ಒಂದೇ ಹಾಳೆಯಲ್ಲಿ. ಅವರು ನನಗೆ ಫೋನ್ ಮಾಡಿದ ದಿನದ ಚೌಕದಲ್ಲಿ, ಔಷಧದ ಚೀಟಿಯ ಆ ಓದಲಾಗದ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದಿದ್ದರು: ಹಾಗೇ ಇರಲು ಬಿಡಬೇಕು. ಅವಳು ಬರುತ್ತಾಳೆ. ಅದರ ಮುಂದಿನ ಪ್ರತಿ ಚೌಕದಲ್ಲೂ ನೀರು ಹಾಕಿದ್ದಕ್ಕೆ ಒಂದು ಪುಟ್ಟ ಗುರುತು. ನಲ್ಲಿ ಬಿಟ್ಟುಕೊಂಡು ಅತ್ತೆ. ನೀರಿನ ಸದ್ದಿಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದೆ.

ಹೊರಗೆ ಬಂದಾಗ ಅವರು ಪೋರ್ಚಿನ ಮೆಟ್ಟಿಲಿನ ಮೇಲೆ ಕೂತು ಒಂದು ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಿನ್ನ ಹತ್ತಿರ ಇದ್ದ ಆರು ಉಳಿದಿವೆಯಾ ಎಂದು ಕೇಳಿದರು. ಇಲ್ಲ ಎಂದೆ. ಏನಾಯಿತು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತಾ ಅವರು ಕೇಳಿದ್ದು ಬೇರೆ ಪ್ರಶ್ನೆ.

"ನಾನು ಫೋನ್ ಮಾಡಿದ್ನಲ್ಲ, ಅವತ್ತು ಇವೆಲ್ಲ ಬದುಕಿದ್ವಾ?"

ಸುಳ್ಳು ಹೇಳಬಹುದಿತ್ತು. ಹಳೆಯ ಬಳ್ಳಿ, ಚಳಿ, ಕಡ್ಡಿಯಲ್ಲೇ ಸತ್ವವಿರಲಿಲ್ಲ ಎನ್ನಬಹುದಿತ್ತು. ಎದುರಿಗೆ ಡಾಕ್ಟರು. ಇಂಥ ಪ್ರಶ್ನೆಗೆ ಎಷ್ಟೋ ಮನೆಗಳಲ್ಲಿ ಉತ್ತರ ಕೊಟ್ಟವರು.

"ಬದುಕಿದ್ವು ಆಂಟಿ. ಹನ್ನೆರಡೂ. ಮಾರನೇ ದಿನ ತಿರುಗಿಸಿ ನೆಟ್ಟಿದ್ರೆ ಸಾಕಿತ್ತು."

ಅವರು ಆ ಕಡ್ಡಿಯನ್ನು ಮತ್ತೆ ಡ್ರಾಯರಿನೊಳಗೆ ಇಟ್ಟರು. ಈ ಸಲ ಸರಿಯಾಗಿ, ಬೇರು ಕೆಳಗೆ ಮಾಡಿ. ಮರಳನ್ನು ಅಂಗೈಯಿಂದ ಸಮ ಮಾಡಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು.

"ಇರ್ಲಿ ಬಿಡು."

ಊಟ ಮಾಡಿಕೊಂಡು ಹೋಗು ಎಂದರು. ಹುಳಿ ಅನ್ನ ಕಲಸಿಕೊಟ್ಟರು, ತಿಂದೆ. ಹೊರಡುವಾಗ ಕುಂಡಗಳ ಚೀಲವನ್ನು ಅಲ್ಲೇ ಬಿಟ್ಟುಬಂದೆ.

ಬೀಸ್ಟನ್ನಿನ ರೈಲು ಇನ್ನೂ ಬರ್ಮಿಂಗ್‌ಹ್ಯಾಮ್ ದಾಟಿರಲಿಲ್ಲ, ಅವ್ವನ ಭಾನುವಾರದ ಫೋನ್ ಬಂತು. ಎಷ್ಟು ಕಡ್ಡಿ ಬೇರು ಬಿಟ್ಟವು ಎಂದು ಕೇಳಿದಳು.

"ಹನ್ನೆರಡಕ್ಕ ಹನ್ನೆರಡೂ ಅವ್ವಾ," ಎಂದೆ. ಅದು ಸುಳ್ಳಾಗಿರಲಿಲ್ಲ.

ಅವ್ವನಿಗೆ ಆಶ್ಚರ್ಯ. ಅವಳ ಕೈಯಲ್ಲೇ ಹನ್ನೆರಡಕ್ಕೆ ಹನ್ನೆರಡು ಎಂದೂ ಬಂದಿರಲಿಲ್ಲ. ಹೂಳಿದ್ದು ಯಾರು ಎಂದು ಕೇಳಿದಳು. ಆಂಟಿಯೇ ಎಂದೆ.

"ಹಂಗಾರ ಆ ಅಕ್ಕಾರ ಕೈಗುಣ ಭಾಳ ಛಲೋ ಐತಿ," ಎಂದಳು ಅವ್ವ. "ನಾ ಹೇಳೀನಂತ ಹೇಳು ಅವರಿಗೆ."

ಹೇಳುತ್ತೇನೆ ಎಂದೆ. ಆಂಟಿ ಆ ಫ್ಲ್ಯಾಟಿನಲ್ಲಿ ಇನ್ನೂ ಮೂರು ವರ್ಷ ಬದುಕಿದ್ದರು. ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ, ಎರಡು ಸಲ ಟಿವಿಡೇಲಿನಲ್ಲಿ ಸಾಲಿನಲ್ಲಿ ಜೊತೆಗೇ ನಿಂತಿದ್ದೆವು. ಹೇಳಲಿಲ್ಲ.